ಗಂಟೆ ಕೇಳಿ ಓಡಿದನೋ, ಅಣ್ಣನನ್ನು ನೋಡಿ ಓಡಿದನೋ?

ಮಧ್ಯಾಹ್ನದ ಹೊತ್ತು. ಬೀದಿಯಲ್ಲಿ ಐಸ್‌ಕ್ಯಾಂಡಿ ಮಾರುವವನ ಗಂಟೆ. ಕೊಟ್ಟೂರಿನಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ, ಮೂವರು ಗಂಡುಮಕ್ಕಳಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಟೆ ಕೇಳಿದ್ದೇ ತಡ, ಆರನೆಯ ತರಗತಿಯ ದೊಡ್ಡವ ಪುಸ್ತಕ ಮಗುಚಿಟ್ಟು ಓಡುತ್ತಾನೆ. ಎರಡನೆಯ ತರಗತಿಯ ನಡುವಿನವ ಅಣ್ಣನ ಅಂಗಿ ಹಿಡಿದು ಓಡುತ್ತಾನೆ. ಒಂದು ವರ್ಷ ಎಂಟು ತಿಂಗಳಿನ ಸಣ್ಣವ ಅವರಿಬ್ಬರ ಹಿಂದೆ ತೂರಾಡುತ್ತ ಹೊಸ್ತಿಲವರೆಗೆ ಓಡುತ್ತಾನೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತ ಅಜ್ಜಿಗೆ ನಗು.

"ನೋಡವ್ವಾ, ಮಾತು ಬರದಿದ್ರ ಏನಾತು, ಐಸಿನವನ ಗಂಟಿ ಮಾತ್ರ ಹೆಂಗ ಕೇಳತೈತಿ ಇವಂಗ!"

ಸೊಸೆಗೆ ನಗು ಬರುವುದಿಲ್ಲ. "ಅವರಣ್ಣಗಳು ಇಷ್ಟೊತ್ತಿಗೆ ಅಪ್ಪ, ಅವ್ವ, ಬಾ, ತಾ ಎಲ್ಲಾ ಅಂತಿದ್ರು ಅತ್ತಿ. ಇವ ಒಂದೂ ಅನ್ನಂಗಿಲ್ಲ."

"ಗಂಡುಹುಡುಗರಿಗೆ ಮಾತು ತಡಾನ ಬಿಡವ್ವಾ. ನಿನ್ನ ಗಂಡ ಮೂರು ವರ್ಷಕ್ಕ ಬಾಯಿ ಬಿಟ್ಟಿದ್ದು."

ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಅಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಸಣ್ಣವ ಓಡಿದ್ದು ಗಂಟೆಯನ್ನು ಕೇಳಿಯೋ, ಅಥವಾ ಅಣ್ಣಂದಿರು ಓಡಿದ್ದನ್ನು ನೋಡಿಯೋ?

ಒಂದೇ ಮಗುವಿರುವ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಬೇಗ ತಿಳಿಯುತ್ತದೆ. ಗಂಡುಮಕ್ಕಳ ಗದ್ದಲದ ಮನೆಯಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಚ್ಚಿಹೋಗಬಹುದು. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಅವಸರ ಬೇಡದ ಕಡೆ ಅವಸರ, ತಡ ಮಾಡಬಾರದ ಕಡೆ ತಡ. ನಡಿಗೆಯ ವಿಷಯದಲ್ಲಿ ಮೊದಲನೆಯದು, ಮಾತು ಮತ್ತು ಕಿವಿಯ ವಿಷಯದಲ್ಲಿ ಎರಡನೆಯದು.

ನಡಿಗೆಗೆ ಅವಸರ ಬೇಡ

ಬೋರಲು ಬೀಳುವುದು, ಕೂರುವುದು, ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು, ಹೆಜ್ಜೆ ಹಾಕುವುದು. ಮಗುವಿನ ಮೊದಲ ವರ್ಷವನ್ನು ನಮ್ಮ ಹಿರಿಯರು ಎಣಿಸುತ್ತಿದ್ದುದೇ ಈ ಮೆಟ್ಟಿಲುಗಳಿಂದ. ಮಗು ಮೊದಲ ಸಲ ಹೊಸ್ತಿಲು ದಾಟಿದಾಗ ಹೊಸ್ತಿಲಿಗೆ ಪೂಜೆ ಮಾಡಿ ಸಿಹಿ ಹಂಚುವ ರೂಢಿ ಈಗಲೂ ಕೆಲವು ಮನೆಗಳಲ್ಲಿ ಉಳಿದಿದೆ. ಸಂತೋಷದ ಸಂಗತಿಯೇ. ಆದರೆ ಇಬ್ಬರು ಅಣ್ಣಂದಿರಿರುವ ಮನೆಯಲ್ಲಿ ಹೋಲಿಕೆಯೂ ಅಲ್ಲಿಂದಲೇ ಶುರು. "ದೊಡ್ಡವ ಹತ್ತು ತಿಂಗಳಿಗೇ ನಡೆದ, ಇವನಿಗೆ ವರ್ಷ ತುಂಬಿದರೂ ಗೋಡೆ ಬಿಡಲೊಲ್ಲ" ಎಂಬ ಮಾತು ನೆಂಟರ ಬಾಯಿಂದ ಬಂದರೆ ತಾಯಿಯ ನಿದ್ದೆ ಕೆಡುತ್ತದೆ.

ಇಲ್ಲಿ ಅಂಕಿಗಳು ಸಮಾಧಾನ ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ 816 ಆರೋಗ್ಯವಂತ ಮಕ್ಕಳನ್ನು ನಿಯಮಿತವಾಗಿ ಗಮನಿಸಿ 2006ರಲ್ಲಿ ಒಂದು ಅಳತೆ ಪ್ರಕಟಿಸಿತು. ಭಾರತದ ಪರವಾಗಿ ಅದರಲ್ಲಿದ್ದವರು ದಕ್ಷಿಣ ದೆಹಲಿಯ ಮಕ್ಕಳು. ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲು 5.2ರಿಂದ 13.5 ತಿಂಗಳೊಳಗೆ, ಏನನ್ನೂ ಹಿಡಿಯದೆ ನಿಲ್ಲುವುದು 6.9ರಿಂದ 16.9 ತಿಂಗಳೊಳಗೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಇಷ್ಟು ವಿಶಾಲವಾದ ಬಾಗಿಲು ಅದು. ಒಂಬತ್ತು ತಿಂಗಳಿಗೆ ನಡೆದ ಅಣ್ಣನೂ ಸರಿ, ಹದಿನೇಳು ತಿಂಗಳಿಗೆ ನಡೆದ ತಮ್ಮನೂ ಸರಿ. ಆ ಮಕ್ಕಳಲ್ಲಿ ನೂರಕ್ಕೆ ಸುಮಾರು ನಾಲ್ವರು ಅಂಬೆಗಾಲಿಡುವ ಮೆಟ್ಟಿಲನ್ನು ಹತ್ತಲೇ ಇಲ್ಲ. ಅದನ್ನು ಬಿಟ್ಟು ನೇರ ಎದ್ದು ನಿಂತರು. ಗಂಡು ಬೇಗ, ಹೆಣ್ಣು ತಡ ಎಂದು ಎರಡು ಪಟ್ಟಿ ಮಾಡಬೇಕಾದಷ್ಟು ವ್ಯತ್ಯಾಸವೂ ಕಾಣಲಿಲ್ಲ.

ಬೇಗ ನಡೆಸಬೇಕೆಂದು ಸಂತೆಯಿಂದ ಗಾಲಿಯ ವಾಕರ್ ತಂದು ಮಗುವನ್ನು ಅದರೊಳಗೆ ಕೂರಿಸುವವರಿದ್ದಾರೆ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಬದಲಿಗೆ ಮೆಟ್ಟಿಲಿನಿಂದ ಉರುಳುವ, ಒಲೆಯ ಹತ್ತಿರ ಹೋಗುವ ಅಪಾಯ ಬರುತ್ತದೆ. ಈ ಕಾರಣದಿಂದಲೇ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮಗು ಎದ್ದು ನಿಂತು ತಳ್ಳಿಕೊಂಡು ಹೋಗುವ ಹಳೆಯ ಮೂರು ಗಾಲಿಯ ಮರದ ಬಂಡಿ ಅದಕ್ಕಿಂತ ವಾಸಿ. ಅದಕ್ಕೂ ದೊಡ್ಡವರ ಕಣ್ಣು ಬೇಕು. ಹದಿನೆಂಟು ತಿಂಗಳು ತುಂಬಿದರೂ ಮಗು ತಾನಾಗಿ ನಡೆಯದಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಮಾತಿನ ಲೆಕ್ಕ ಬೇರೆ

ಮಾತಿನ ವಿಷಯಕ್ಕೆ ಬಂದರೆ ಮನೆಯವರ ಮನಸ್ಸು ಇದಕ್ಕೆ ತದ್ವಿರುದ್ಧ. ನಡಿಗೆಗೆ ಹತ್ತು ದಿನ ತಡವಾದರೆ ಕಳವಳಪಡುವವರೇ ಮಾತಿಗೆ ಒಂದು ವರ್ಷ ತಡವಾದರೂ "ಬರತೈತಿ ಬಿಡು" ಎನ್ನುತ್ತಾರೆ.

ಸಾಮಾನ್ಯವಾಗಿ ನಿರೀಕ್ಷಿಸುವುದು ಹೀಗೆ. ವರ್ಷ ತುಂಬುವ ಹೊತ್ತಿಗೆ ಹೆಸರು ಕೂಗಿದರೆ ಮಗು ತಿರುಗಿ ನೋಡಬೇಕು, "ಬಾಬಾ, ತಾತಾ" ಎಂದು ತೊದಲಬೇಕು. ಒಂದೂಕಾಲು ವರ್ಷಕ್ಕೆ ಅಪ್ಪ-ಅವ್ವ ಅಲ್ಲದೆ ಒಂದೆರಡು ಮಾತಿಗೆ ಪ್ರಯತ್ನ ಮಾಡಬೇಕು. ಒಂದೂವರೆ ವರ್ಷಕ್ಕೆ ಮೂರು ನಾಲ್ಕಾದರೂ ಮಾತು ಬೇಕು, ಬೇಕಾದ್ದನ್ನು ಮತ್ತು ಕಂಡದ್ದನ್ನು ಬೆರಳು ಮಾಡಿ ತೋರಿಸಬೇಕು. ಎರಡು ವರ್ಷಕ್ಕೆ "ಅವ್ವ ಬಾ", "ರೊಟ್ಟಿ ಕೊಡು" ಎಂದು ಎರಡು ಮಾತು ಜೋಡಿಸಬೇಕು. ಎರಡೂವರೆಗೆ ಸುಮಾರು ಐವತ್ತು ಪದ. ರೊಟ್ಟಿ "ಲೊಟ್ಟಿ"ಯಾದರೆ ಚಿಂತೆಯಿಲ್ಲ. ರಕಾರ, ಳಕಾರಗಳು ನಾಲಿಗೆಗೆ ಒಗ್ಗಲು ಇನ್ನೂ ಸಮಯ ಬೇಕು.

ಗಂಡುಹುಡುಗರಿಗೆ ಮಾತು ತಡ ಎಂಬ ಅಜ್ಜಿಯ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸರಾಸರಿ ತೆಗೆದರೆ ಹೆಣ್ಣುಮಕ್ಕಳು ಸ್ವಲ್ಪ ಮುಂದೆ. ಆದರೆ ಆ ವ್ಯತ್ಯಾಸ ಒಂದೆರಡು ತಿಂಗಳದ್ದೇ ಹೊರತು ಒಂದೆರಡು ವರ್ಷದ್ದಲ್ಲ. "ಅವರಪ್ಪನೂ ತಡ" ಎಂಬುದೂ ಪರೀಕ್ಷೆ ಮಾಡಿಸದಿರಲು ಕಾರಣವಾಗಲಾರದು. ಅಪ್ಪನಿಗೆ ಆಗ ಯಾಕೆ ತಡವಾಯಿತೆಂದು ಯಾರೂ ನೋಡಿರಲಿಲ್ಲ, ಅಷ್ಟೆ.

ಅಣ್ಣಂದಿರ ನೆರಳು

ಗಂಡುಮಕ್ಕಳ ಮನೆಯಲ್ಲಿ ಇನ್ನೊಂದು ಸಂಗತಿಯಿದೆ. ಫ್ರಾನ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಮಾತನ್ನು ಎರಡು, ಮೂರು ಮತ್ತು ಐದಾರು ವರ್ಷಗಳ ವಯಸ್ಸಿನಲ್ಲಿ ಅಳೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅಕ್ಕ ಇರುವ ಮಕ್ಕಳಿಗಿಂತ ಅಣ್ಣ ಇರುವ ಮಕ್ಕಳು ಮಾತಿನಲ್ಲಿ ಸರಾಸರಿ ಎರಡು ತಿಂಗಳಷ್ಟು ಹಿಂದಿದ್ದರು. ಅಕ್ಕಂದಿರು ಸಣ್ಣವರೊಡನೆ ಹೆಚ್ಚು ಮಾತಾಡುತ್ತಿರಬಹುದು, ಅಥವಾ ತಾಯ್ತಂದೆಯರ ಗಮನಕ್ಕಾಗಿ ಅಣ್ಣಂದಿರಷ್ಟು ಪೈಪೋಟಿ ನಡೆಸದಿರಬಹುದು ಎಂದು ಸಂಶೋಧಕರು ಊಹಿಸಿದರು.

ಊಹೆಯನ್ನು ಅರ್ಥಮಾಡಿಕೊಳ್ಳಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಹೂವಿನಹಡಗಲಿಯ ಮಲ್ಲಿಗೆ ಬೆಳೆಗಾರನ ಮನೆಯಲ್ಲಿ ನಸುಕಿನಲ್ಲೇ ಹೂ ಬಿಡಿಸುವ ಕೆಲಸ. ಕೂಡ್ಲಿಗಿ ಕಡೆಯ ಹೊಲದಲ್ಲಿ ಶೇಂಗಾ ಕೀಳುವ ಕಾಲಕ್ಕೆ ಇಡೀ ಮನೆ ಹೊಲದಲ್ಲಿ. ಸಣ್ಣವನನ್ನು ನೋಡಿಕೊಳ್ಳುವ ಭಾರ ಅಣ್ಣಂದಿರ ಮೇಲೆ. ಅಣ್ಣಂದಿರು ಕೆಟ್ಟವರಲ್ಲ. ಅವನು ಕೈ ತೋರಿಸುವ ಮೊದಲೇ ನೀರಿನ ಲೋಟ ಬಾಯಿಗೆ ಹಿಡಿಯುತ್ತಾರೆ, ಅಳುವ ಮೊದಲೇ ಹೆಗಲಿಗೇರಿಸುತ್ತಾರೆ. "ಅವಂಗ ಮಂಡಕ್ಕಿ ಬೇಕಂತ ಅವ್ವಾ" ಎಂದು ಅವನ ಮಾತನ್ನು ತಾವೇ ಆಡುತ್ತಾರೆ. ಕೇಳದೆಯೇ ಎಲ್ಲ ಸಿಗುವಾಗ ಸಣ್ಣವ ಕೇಳುವುದಾದರೂ ಯಾಕೆ?

ಇದರಲ್ಲಿ ಲಾಭವೂ ಇದೆ. ದೊಡ್ಡವರ ಮಾತುಕತೆಯನ್ನು ಕೇಳುತ್ತ ಬೆಳೆಯುವ ಎರಡನೆಯ ಮಕ್ಕಳು "ನಾನು, ನೀನು" ಎಂಬ ಬಳಕೆಯನ್ನು ಚೊಚ್ಚಲು ಮಕ್ಕಳಿಗಿಂತ ಬೇಗ ಹಿಡಿಯುತ್ತಾರೆಂದು 1996ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಅಣ್ಣಂದಿರ ಗದ್ದಲ ಕೇವಲ ಗದ್ದಲವಲ್ಲ, ಅದೂ ಒಂದು ಶಾಲೆ. ಆದರೆ ಆ ಶಾಲೆಯ ಪಾಠ ಸಣ್ಣವನ ಕಿವಿಗೆ ಮುಟ್ಟುತ್ತಿರಬೇಕು.

ಕಿವಿಯನ್ನು ಮರೆಯಬಾರದು

ಈಗ ಐಸ್‌ಕ್ಯಾಂಡಿಯ ಗಂಟೆಗೆ ಮರಳಬಹುದು. ಕಿವಿ ಮಂದವಾಗಿರುವ ಮಗು ದಡ್ಡ ಮಗುವಲ್ಲ. ಅದರ ಕಣ್ಣು ಬಲು ಚುರುಕು. ಅಣ್ಣಂದಿರು ಎದ್ದರೆ ತಾನೂ ಏಳುತ್ತದೆ, ಅವರು ನಕ್ಕರೆ ತಾನೂ ನಗುತ್ತದೆ. ಅವ್ವ ತಟ್ಟೆ ಹಾಕಿದ್ದನ್ನು ಕಂಡು ಊಟಕ್ಕೆ ಬಂದು ಕೂರುತ್ತದೆ. "ಊಟಕ್ಕ ಬಾ ಅಂದ್ರ ಬರತಾನ, ಕಿವಿ ಚಲೋ ಅದಾವು" ಎಂದು ಮನೆಯವರು ನಂಬುತ್ತಾರೆ. ಬಾಗಿಲು ದಡ್ಡೆಂದರೆ ತಿರುಗುವುದೂ ಪುರಾವೆಯಲ್ಲ, ನೆಲದ ನಡುಕ ಕಾಲಿಗೆ ತಿಳಿಯುತ್ತದೆ. ತಟ್ಟೆ ಬಡಿದ ಸದ್ದು ಕೇಳುವ ಮಗುವಿಗೂ ಮಾತಿನ ಸಣ್ಣ ಸದ್ದುಗಳು ಕೇಳದಿರಬಹುದು.

ಹುಟ್ಟಿನಿಂದ ಬರುವ ಕಿವುಡಿಗೆ ಕಾರಣ ಹಲವು. ಅವಧಿಗೆ ಮೊದಲು ಹುಟ್ಟುವುದು, ಹುಟ್ಟಿದಾಗ ತೀವ್ರ ಕಾಮಾಲೆ, ಬಸುರಿನಲ್ಲಿ ತಾಯಿಗೆ ತಗಲಿದ ರುಬೆಲ್ಲಾದಂಥ ಸೋಂಕು, ವಂಶವಾಹಿಯ ದೋಷ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಹಳೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಇಂಥ ರಕ್ತಸಂಬಂಧದ ಮದುವೆಗಳು ಕಾಲು ಭಾಗಕ್ಕಿಂತ ಹೆಚ್ಚು. ಇಂಥ ಮದುವೆಯಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೂ ಕಿವುಡಿನಂಥ ಕೆಲವು ದೋಷಗಳ ಸಾಧ್ಯತೆ ಹೆಚ್ಚುವುದರಿಂದ ಆ ಮನೆಗಳಲ್ಲಿ ಕಿವಿಯ ಪರೀಕ್ಷೆ ತಪ್ಪಿಸಬಾರದು. ಹುಟ್ಟಿದಾಗ ಚೆನ್ನಾಗಿದ್ದ ಕಿವಿಯೂ ಮುಂದೆ ಪದೇ ಪದೇ ನೆಗಡಿಯಾಗಿ ಒಳಗೆ ನೀರು ನಿಂತರೆ ಮಂದವಾಗುತ್ತದೆ. ಇದಕ್ಕೆ ಚಿಕಿತ್ಸೆಯಿದೆ. ಬಿಸಿ ಎಣ್ಣೆ ಬಿಡುವುದು ಚಿಕಿತ್ಸೆಯಲ್ಲ, ಅದರಿಂದ ಕೆಡುಕೇ ಹೆಚ್ಚು.

ಬೇಗ ಪತ್ತೆಯಾದರೆ ಏನು ಲಾಭ? 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿತು. ಆರು ತಿಂಗಳೊಳಗೆ ಕಿವುಡು ಪತ್ತೆಯಾಗಿ ನೆರವು ಸಿಕ್ಕ ಮಕ್ಕಳು, ತಡವಾಗಿ ಪತ್ತೆಯಾದವರಿಗಿಂತ ಭಾಷೆಯಲ್ಲಿ ಬಹಳ ಮುಂದಿದ್ದರು. ಮೊದಲ ಮೂರು ನಾಲ್ಕು ವರ್ಷ ಮಿದುಳು ಭಾಷೆಗಾಗಿ ಹಸಿ ಮಣ್ಣಿನಂತೆ ಕಾದಿರುತ್ತದೆ. ಶ್ರವಣಯಂತ್ರವಾಗಲಿ, ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಾಗಲಿ, ಸನ್ನೆಯ ಭಾಷೆಯಾಗಲಿ, ಆ ಹೊತ್ತಿನಲ್ಲಿ ಸಿಕ್ಕಷ್ಟು ಫಲ ಆಮೇಲೆ ಸಿಗುವುದಿಲ್ಲ. "ಶಾಲೆಗೆ ಸೇರಿಸಿದಾಗ ನೋಡೋಣ" ಎಂದರೆ ಬಿತ್ತನೆಯ ಹದ ಕಳೆದ ಮೇಲೆ ಕೂರಿಗೆ ಹೂಡಿದಂತೆ.

ತಾಂಡಾದ ಮಗು, ಗುಳೆ ಹೋದ ಮಗು

ಈ ಐದು ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಅನೇಕ. ಅಲ್ಲಿ ಮನೆಯೊಳಗೆ ಗೋರ್ ಬೋಲಿ, ಹೊರಗೆ ಕನ್ನಡ. ಬೇರೆ ಕೆಲವು ಮನೆಗಳಲ್ಲಿ ತೆಲುಗು ಅಥವಾ ಉರ್ದು. ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗಿ ಮಾತು ತಡವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಬೇಕು, ಅಷ್ಟೆ. "ಕನ್ನಡ ಶಾಲೆಗೆ ಹೋಗಬೇಕು, ಮನೆಮಾತು ಬಿಡಿಸಿ" ಎಂಬ ಸಲಹೆಯನ್ನು ಕೇಳಬೇಕಾಗಿಲ್ಲ.

ನಿಜವಾದ ತೊಡಕು ಬೇರೆ. ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ಗುಳೆ ಹೋಗುತ್ತವೆ. ದೊಡ್ಡವರನ್ನು ಶಾಲೆಗಾಗಿ ಅಜ್ಜಿಯ ಬಳಿ ಬಿಟ್ಟು ಸಣ್ಣವನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತಾರೆ. ಅಂಗನವಾಡಿಗೆ ತಪಾಸಣೆಯ ತಂಡ ಬಂದ ದಿನ ಆ ಮಗು ಊರಲ್ಲಿರುವುದಿಲ್ಲ. ಅಂಥವರು ತಾಯಿ ಕಾರ್ಡನ್ನು ಬಟ್ಟೆಯ ಗಂಟಿನ ಜೊತೆಯಲ್ಲೇ ಒಯ್ಯಬೇಕು. ಹೋದ ಊರಿನ ಅಂಗನವಾಡಿ ಮತ್ತು ಸರ್ಕಾರಿ ಆಸ್ಪತ್ರೆಯಲ್ಲೂ ಅದು ನಡೆಯುತ್ತದೆ.

ಎಲ್ಲಿ ತೋರಿಸಬೇಕು?

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ಊರೂರಿಗೂ ಅಂಗನವಾಡಿ ಇದೆ. ಅಲ್ಲಿ ಹಿಟ್ಟು, ಮೊಟ್ಟೆ ಕೊಡುವುದಷ್ಟೇ ಕೆಲಸವೆಂದು ತಿಳಿದವರು ಹೆಚ್ಚು. ಆದರೆ ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದಿನ ಪಟ್ಟಿಯ ಜೊತೆಗೆ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬುದೂ ಇರುತ್ತದೆ. ಓದಲು ಬರುವ ದೊಡ್ಡ ಮಗ ಅದನ್ನು ಅವ್ವನಿಗೆ ಒಮ್ಮೆ ಓದಿ ಹೇಳಿದರೆ ಸಾಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಭೇಟಿ ಕೊಡಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟುದೋಷ, ಕಾಯಿಲೆ, ಪೋಷಣೆಯ ಕೊರತೆ ಮತ್ತು ಬೆಳವಣಿಗೆಯ ಹಿನ್ನಡೆಯನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳಿಸುವುದು ಅದರ ಕೆಲಸ. ಆ ದಿನ ಮಗುವನ್ನು ಕರೆದೊಯ್ಯಿರಿ. ತಂಡ ಬರುವವರೆಗೆ ಕಾಯಲೇಬೇಕೆಂದೇನಿಲ್ಲ. ಸಂಶಯ ಬಂದರೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ನೇರವಾಗಿ ಕಾಣಬಹುದು.

ಐದೂ ತಾಲ್ಲೂಕುಗಳ ಜನರಿಗೆ ಜಿಲ್ಲೆಯ ವಿಳಾಸ ಬದಲಾಗುತ್ತ ಬಂದಿದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಐದೂ ತಾಲ್ಲೂಕುಗಳು ಹೊಸಪೇಟೆಯ ಕಡೆ ಮುಖ ಮಾಡಿವೆ. ದೊಡ್ಡ ಪರೀಕ್ಷೆಗೆ ಬಳ್ಳಾರಿಯ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಮಾತು ಮತ್ತು ಕಿವಿಗಾಗಿಯೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಮೊದಲ ಹಂತದ ಕಿವಿ ಪರೀಕ್ಷೆಯಲ್ಲಿ ನೋವಿಲ್ಲ. ಮಗು ಮಲಗಿರುವಾಗ ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟು ಸದ್ದು ಬಿಡುತ್ತಾರೆ, ಕಿವಿ ಮಾರುತ್ತರ ಕೊಡುತ್ತದೆಯೇ ಎಂದು ಯಂತ್ರ ನೋಡುತ್ತದೆ. ಕೆಲವು ನಿಮಿಷದ ಕೆಲಸ.

ತಡ ಮಾಡದೆ ಹೋಗಬೇಕಾದ ಸಂದರ್ಭಗಳು ಇವು: ವರ್ಷ ತುಂಬಿದರೂ ಹೆಸರಿಗೆ ತಿರುಗದಿರುವುದು, ಒಂದೂವರೆ ವರ್ಷಕ್ಕೂ ಒಂದೂ ಮಾತಿಲ್ಲದಿರುವುದು ಅಥವಾ ಬೆರಳು ಮಾಡಿ ತೋರಿಸದಿರುವುದು, ಎರಡು ವರ್ಷ ದಾಟಿದರೂ ಎರಡು ಮಾತು ಕೂಡಿಸದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ಅಥವಾ ಕಲಿತ ಕೆಲಸ ಮರೆತುಹೋಗುವುದು.

ಅಣ್ಣಂದಿರಿಗೆ ನಾಲ್ಕು ಕೆಲಸ

ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರೇ ಸಣ್ಣವನ ಮೊದಲ ಗುರುಗಳು. ಒಂದು, ತಮ್ಮನ ಮಾತನ್ನು ತಾವು ಆಡಬಾರದು. ಅವನು ನೀರಿನ ಕಡೆ ಕೈ ಮಾಡಿದರೆ "ನೀರು ಬೇಕಾ? ನೀರು" ಎಂದು ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಕಾದು, ಆಮೇಲೆ ಕೊಡಬೇಕು. ಎರಡು, ಅವನ ಬಾಯಿಂದ ಬಂದ ಪ್ರತಿ ಹೊಸ ಮಾತನ್ನೂ ಹಳೆಯ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಬೇಕು. ವೈದ್ಯರ ಮುಂದೆ "ಚಲೋ ಮಾತಾಡ್ತಾನ್ರೀ" ಎನ್ನುವುದಕ್ಕಿಂತ ಆ ಹಾಳೆ ಹೆಚ್ಚು ಹೇಳುತ್ತದೆ. ಮೂರು, ಅವನನ್ನು ಸುಮ್ಮನಿರಿಸಲು ಮೊಬೈಲ್ ಕೊಡಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲ್ ಮಾತಾಡುತ್ತದೆ, ಆದರೆ ಮಗುವಿನ ಮರುಮಾತಿಗೆ ಕಾಯುವುದಿಲ್ಲ. ನಾಲ್ಕು, ಪ್ರೀತಿಯಿಂದಲೇ ಆದರೂ ಇಡೀ ಶೇಂಗಾ ಬೀಜವನ್ನು ತಮ್ಮನ ಬಾಯಿಗೆ ಹಾಕಬಾರದು. ನಾಲ್ಕು ವರ್ಷದೊಳಗಿನ ಮಕ್ಕಳು ಅದನ್ನು ಅಗಿಯಲಾರರು. ನಗುವಾಗ, ಓಡುವಾಗ ಬೀಜ ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಅಪಾಯ. ಕೊಡುವುದಾದರೆ ಪುಡಿ ಮಾಡಿ ಕೊಡಬೇಕು.

ಮತ್ತೆ ಆ ಮನೆಯ ಕಟ್ಟೆಗೆ ಬರೋಣ. ಮರುದಿನ ಐಸ್‌ಕ್ಯಾಂಡಿಯವನ ಗಂಟೆಗೆ ದೊಡ್ಡವ ಏಳಲಿಲ್ಲ ಎಂದಿಟ್ಟುಕೊಳ್ಳಿ. ನಡುವಿನವನ ಕೈಯನ್ನೂ ಹಿಡಿದು ಕೂರಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ತಮ್ಮನನ್ನು ನೋಡುತ್ತಿದ್ದಾರೆ. ಸಣ್ಣವ ಬೆನ್ನು ತಿರುಗಿಸಿ ಮರದ ಬಂಡಿಯೊಡನೆ ಆಡುತ್ತಿದ್ದಾನೆ. ಗಂಟೆ ಬೀದಿಯ ತುದಿಯಿಂದ ಹತ್ತಿರ ಬಂತು, ಮನೆಯ ಮುಂದೆ ಹಾಯ್ದು ಹೋಯಿತು. ತಮ್ಮ ತಿರುಗಿದರೆ ಅರ್ಧ ಭಯ ಕಳೆಯಿತು, ಆದರೂ ಇಪ್ಪತ್ತು ತಿಂಗಳಿಗೆ ಒಂದೂ ಮಾತಿಲ್ಲವೆಂದರೆ ಪರೀಕ್ಷೆ ಬಿಡುವಂತಿಲ್ಲ. ತಿರುಗದಿದ್ದರೆ ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೇ ತಾಲ್ಲೂಕು ಆಸ್ಪತ್ರೆ. ಎರಡರಲ್ಲಿ ಯಾವುದಾದರೂ ಅವ್ವ ಈಗ ಒಬ್ಬಳೇ ಚಿಂತಿಸಬೇಕಾಗಿಲ್ಲ. ಅಜ್ಜಿಯೂ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಮೊಮ್ಮಗನ ಬೆನ್ನನ್ನೇ ನೋಡುತ್ತಿದ್ದಾಳೆ.